ತೊಟ್ಟಿಲ ಹೊದಿಕೆಯ ಕೊಕ್ಕರೆ

ಮಾರ್ಚ್ ಒಂಬತ್ತು, ಸೋಮವಾರ

ನನ್ನ ಗುಬ್ಬಿಗೆ,

ಹೇಗಿದ್ದೀಯೆ? ಹೊತ್ತು ಹೊತ್ತಿಗೆ ಊಟ ಮಾಡುತ್ತೀ ತಾನೆ? ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕಣ್ಣಿನ ಪೊರೆ ತೆಗೆಸಿಕೊಂಡೆ. ಪೆನ್ನು, ಸೂಜಿ ಎರಡನ್ನೂ ಮುಟ್ಟಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಈಗ ಪೆನ್ನಿಗೆ ಬಿಡುಗಡೆ ಸಿಕ್ಕಿದೆ, ಸೂಜಿಗೆ ಇನ್ನೂ ಇಲ್ಲ.

ನಿನ್ನ ತಮ್ಮನ ಹೆಂಡತಿಗೆ ದಿನ ತುಂಬುತ್ತಿದೆ. ತೊಟ್ಟಿಲ ಹೊದಿಕೆಗೆ ಕಸೂತಿ ಹಾಕಬೇಕಿತ್ತು. ಪಾಪ, ಆ ಹುಡುಗಿ ಸೂಜಿ ಹಿಡಿದರೆ ಬಟ್ಟೆಗಿಂತ ಬೆರಳಿಗೇ ಹೆಚ್ಚು ಹೊಲಿಗೆ. ನಮ್ಮ ಪೇಚಾಟ ನೋಡಲಾರದೆ ನಿಮ್ಮಪ್ಪ ಬೀಗ ರಿಪೇರಿಯ ಮೇಜು ಬಿಟ್ಟು ಎದ್ದು ಬಂದರು. "ಇಲ್ಲಿ ಕೊಡೇ. ಬೀಗದೊಳಗೆ ಸ್ಪ್ರಿಂಗ್ ಕೂರಿಸೋನಿಗೆ ಬಟ್ಟೆ ಮೇಲೆ ಗಿಳಿ ಕೂರಿಸೋದು ಏನ್ ಮಹಾ?"

ಮೊದಲ ಗಿಳಿ ಕಾಗೆಯ ಸೋದರಮಾವನಂತೆ ಬಂತು. ನಕ್ಕು ನಕ್ಕು ನನ್ನ ಹೊಸ ಕಣ್ಣಲ್ಲಿ ನೀರು. ಅವರು ಬಿಚ್ಚಿ ಮತ್ತೆ ಹಾಕಿದರು. ಒಂದೊಂದಕ್ಕೂ ಅರ್ಥ ಕೇಳಿದರು. ಗಿಳಿ, ಮಾತು ಇಂಪಾಗಲಿ ಎಂದು. ಮೀನು ಕಣ್ಣು ಮುಚ್ಚುವುದಿಲ್ಲ, ಮಲಗಿದ ಮಗುವನ್ನು ಕಾಯಲಿ ಎಂದು. "ಬಳ್ಳಿ ಮಾತ್ರ ಎಲ್ಲೂ ಕಡೀಬಾರ್ದು, ಅದು ಮನೆತನ" ಎಂದೆ. ಅವರ ಕೈ ನಿಂತುಹೋಯಿತು.

ನೀನು ಮೆಚ್ಚಿದವನ ಕೈ ಹಿಡಿದು ಹೊರಟ ದಿನದಿಂದ, ನಿನ್ನ ಹೆಸರೆತ್ತಿದರೆ ಅವರು ಎದ್ದು ಹೋಗುತ್ತಿದ್ದರು. ಆ ಹೊದಿಕೆ ಮುಗಿದ ಮೇಲೆ ತಾವಾಗಿಯೇ, "ಇನ್ನೊಂದು ಬಟ್ಟೆ ಇದ್ಯಾ?" ಎಂದರು. ನಾನು ಪೆಟ್ಟಿಗೆ ತೆರೆದು ತೆಗೆದುಕೊಟ್ಟೆ.

"ನಮ್ಮ ಹುಡುಗಿ ತೊಟ್ಟಿಲಿಗೆ ಏನ್ ಹಾಕಿದ್ದೆ?"

"ಕೊಕ್ಕರೆ. ಎಷ್ಟು ದೂರ ಹಾರಿದ್ರೂ ಗೂಡಿನ ದಾರಿ ಮರೀಬಾರ್ದು ಅಂತ."

"ಅದನ್ನೇ ಬರ್ಕೊಡು."

ಗಿರಾಕಿಗಳನ್ನೆಲ್ಲ "ನಾಳೆ ಬನ್ನಿ" ಎಂದು ಸಾಗಹಾಕಿ, ಕಿಟಕಿಯ ಬಳಿ ಕೂತು ಹಾಕಿ ಮುಗಿಸಿದರು. ಕಾಲು ತುಸು ಉದ್ದವಾಗಿದೆ, ನಗಬೇಡ. ಈಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ಪೊಟ್ಟಣವನ್ನು ಅಂಚೆಗೆ ತಾವೇ ಹಾಕಬೇಕಂತೆ. "ಆಯ್ತೇನೆ? ಎಷ್ಟು ಬರೀತೀಯ?" ಎಂದು ಒಂದೇ ಸಮನೆ ಗೊಣಗಾಟ.

ನಿನ್ನ ಮನೆ ತಂಪಾಗಿರಲಿ. ಅಳಿಯನಿಗೂ ನನ್ನ ತುಂಬು ಹರಕೆ.

ನಿನ್ನ ಅಮ್ಮ

ತಾ.ಕ.: ಹೊದಿಕೆಯ ನಡುವೆ ಅಂಗೈಯಗಲ ಜಾಗ ಬರಿದಾಗಿದೆ. ಮರೆತದ್ದಲ್ಲ. ನಿನ್ನ ಕಂಕುಳಲ್ಲಿ ಮಗುವನ್ನು ಕಂಡೆನೆಂದು ನಿನ್ನ ಹಳೆಯ ಗೆಳತಿ ಅಂಗಡಿಯಲ್ಲಿ ಸಿಕ್ಕಾಗ ಹೇಳಿದಳು; ನಿಮ್ಮಪ್ಪನ ಕಿವಿಗೂ ಬಿತ್ತು. ದೂರದಿಂದ ನೋಡಿದ್ದಂತೆ, ಹೆಣ್ಣೋ ಗಂಡೋ ಅವಳಿಗೂ ತಿಳಿಯದು. ನನ್ನ ಯಾವ ಕಾಗದಕ್ಕೂ ನೀನು ಉತ್ತರ ಬರೆದಿಲ್ಲ. ಇದಕ್ಕೂ ಬರೆಯದಿದ್ದರೆ ಬೇಡ ಬಿಡು. ಮಗುವಿನ ಹೆಸರನ್ನು ಆ ಜಾಗದಲ್ಲಿ ನೀನೇ ಹೊಲಿ; ಅದೊಂದನ್ನು ಮಾತ್ರ ನಮಗೂ ಬರೆದು ಕಳಿಸು.