ಹರಿತವಲ್ಲದ ಬ್ಲೇಡು

ಮಗನೇ,

"ಎಲ್ಲಕ್ಕಿಂತ ಹರಿತ ಇದೇ ಅಂತೆ" ಎಂದು ನೀನು ಹೆಮ್ಮೆಯಿಂದ ತಂದ ಬ್ಲೇಡನ್ನು ನನ್ನ ಎಡಗೆನ್ನೆಯ ಮೇಲೆ ಪರೀಕ್ಷಿಸಿದೆ. ಟವೆಲ್ಲಿನ ರಕ್ತ ಅದರದೇ. ನೆನೆಹಾಕು.

ಹರಿತವಾದದ್ದು ಬೇಡವೆಂದು ಎರಡು ಬಾರಿ ಹೇಳಿದ್ದೆ. ನಿನ್ನ ದೊಡ್ಡಪ್ಪನ ಚರ್ಮ ಈಗ ಈರುಳ್ಳಿಯ ಸಿಪ್ಪೆಯಷ್ಟು ತೆಳುವಾಗಿದೆ, ಗೀರಿದರೆ ರಕ್ತ ನಿಲ್ಲದು.

ರೇಜರನ್ನು ತೆಗೆದುಕೊಂಡು ಆಸ್ಪತ್ರೆಗೆ ಹೊರಟಿದ್ದೇನೆ. ಹಸಿರು ಪೊಟ್ಟಣದ ಮೃದು ಬ್ಲೇಡುಗಳನ್ನೇ ಕೊಂಡು ನಾಲ್ಕು ಗಂಟೆಯೊಳಗೆ ಅಲ್ಲಿಗೆ ಬಾ. ಐದಕ್ಕೆ ಅತ್ತಿಗೆ ಬರುತ್ತಾರೆ. ಹನ್ನೆರಡು ದಿನದ ಗಡ್ಡದಲ್ಲಿ ಅವರ ಕಣ್ಣಿಗೆ ಬೀಳಲಾರೆನೆಂದು ಅಣ್ಣನ ಹಟ. "ನಿನ್ನ ಕೈಗೆ ಕತ್ತು ಕೊಡೋಕೆ ನಂಗೇನು ಹುಚ್ಚಾ?" ಎಂದು ಮೊನ್ನೆಯವರೆಗೂ ಹಂಗಿಸುತ್ತಿದ್ದವನು ನಿನ್ನೆ ತಾನೇ ಗಲ್ಲವೆತ್ತಿ ತೋರಿಸಿದ.

ನೀನು ತರುವ ಪೊಟ್ಟಣದ ಮೊದಲ ಬ್ಲೇಡನ್ನು ನನ್ನ ಬಲಗೆನ್ನೆಯ ಮೇಲೆ ನೋಡುತ್ತೇನೆ. ಅದೊಂದು ಇನ್ನೂ ನೆಟ್ಟಗಿದೆ.

— ಅಪ್ಪ