ಮಾಂಸದಂಗಡಿಯ ಗಾಜಿಗೆ ಅಂಟಿಸಿದ ಹಾಳೆ

ಅಪ್ಪಾ,

ಫೋನಿನಲ್ಲಿ ಹೇಳಹೊರಟರೆ "ಊಟ ಆಯ್ತಾ ಮಗಳೇ?" ಎಂದು ಮಾತು ಮರೆಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಎದುರಂಗಡಿಯ ಟೈಲರ್ ಮಾವನಿಂದ ಓದಿಸಿಕೋ. ಮಾವಾ, ನಡುವೆ ನಿಮ್ಮ ಒಗ್ಗರಣೆ ಬೇಡ.

ರಜೆಯ ದಿನಗಳಲ್ಲಿ ಮಾಂಸ ಅರ್ಧಕ್ಕಿಳಿಸೋಣ, ನೆಲ ನೀರು ಉಳಿಸೋಣ ಎಂದು ಆ ಹಾಳೆಯಲ್ಲಿ ಬರೆದವಳು ನಾನೇ. ಪ್ರಾಣಿ ಸಾಕುವ ದೊಡ್ಡ ಶೆಡ್ಡುಗಳ ಕೊಳೆ ನದಿಗಿಳಿಯುವುದನ್ನು ದಿನಾ ಪರೀಕ್ಷೆಯ ಸೀಸೆಯಲ್ಲಿ ನೋಡುತ್ತೇನಪ್ಪ. ಬರೆದದ್ದು ಸುಳ್ಳಲ್ಲ. ನೀರು ಪರೀಕ್ಷೆಯ ನಮ್ಮ ಕಚೇರಿಯವರು ನನ್ನ ಫೋಟೊ ಹಾಕಿ ಅಚ್ಚು ಮಾಡಿಸಿದರು. ಒಂದು ಪ್ರತಿ ನಿನಗೂ ಕಳಿಸಿದೆ. ಒಳಗೇನಿದೆ ಎಂದು ಹೇಳಲು ಮಾತ್ರ ಬಾಯಿ ಬರಲಿಲ್ಲ.

ನೀನೋ, ಮಗಳ ಫೋಟೊ ಕಂಡದ್ದೇ ತಡ, ಅಂಗಡಿಯ ಗಾಜಿಗೇ ಅಂಟಿಸಿದೆ, ಕೊಕ್ಕೆಗೆ ನೇತುಹಾಕಿದ ತೊಡೆಗಳ ಪಕ್ಕದಲ್ಲಿ! ವರ್ಷದಲ್ಲೇ ಜೋರು ವ್ಯಾಪಾರದ ವಾರ ಅದು. ಬಂದವರು ಓದಿ ಮುಸಿಮುಸಿ ನಗುತ್ತಿದ್ದರೆ ನೀನು "ನಮ್ ಹುಡುಗಿ, ನೋಡಿ" ಅನ್ನುತ್ತಿದ್ದೆಯಂತೆ. ನಾಲ್ಕನೆಯ ದಿನ ಮಾವ ಓದಿ ಹೇಳಿದಾಗ ಕತ್ತಿ ಮಸೆಯತೊಡಗಿದೆಯಂತೆ. ಮಾವನ ಫೋನು ಬಂದಾಗ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ನನ್ನ ಪುಸ್ತಕ ಮುಟ್ಟುವ ಮೊದಲು ಮೂರು ಸಲ ಸೋಪು ಹಾಕಿ ಕೈ ತೊಳೆಯುತ್ತಿದ್ದವನು ನೀನು. ಅಂಥವನಿಗೆ ಒಂದು ದಿನ "ಶಾಲೆ ಗೇಟಿನ ಹತ್ರ ಬರಬೇಡ, ವಾಸನೆ ಅಂತಾರೆ" ಅಂದಿದ್ದೆ. ಆಮೇಲೆ ನೀನು ರಸ್ತೆಯ ತಿರುವಿನಲ್ಲೇ ನಿಲ್ಲುತ್ತಿದ್ದೆ. ಹಾಳೆಯಲ್ಲೂ ಅದೇ ಮಾತು ಇದೆ ಅಂದುಕೊಂಡೆಯಾ? ನಿನ್ನನ್ನು ಕಂಡು ನಾಚಿಕೊಳ್ಳುತ್ತೇನೆ ಅಂದುಕೊಂಡೆಯಾ? ಇದೊಂದು ನನ್ನ ನಿದ್ದೆ ಕೆಡಿಸಿದೆ.

ಪ್ರತಿ ರಜೆಗೆ ಕಳಿಸುವ ಮಾಂಸದ ಪೊಟ್ಟಣ ಈ ಸಲವೂ ಬಂತು. ಅದೇ ದಾರ, ಅದೇ ಎರಡು ಗಂಟು. ಬಿಚ್ಚಿದರೆ ಅರ್ಧವೇ ಇತ್ತು. ಸಿಟ್ಟಿಗೆ ಕಡಿಮೆ ಮಾಡಿದೆಯೋ, ಮಗಳು ಬರೆದಳೆಂದು ಕಡಿಮೆ ಮಾಡಿದೆಯೋ? ಹಾಳೆಯನ್ನು ಇನ್ನೂ ಕಿತ್ತಿಲ್ಲವಂತೆ. ಅದೂ ಅರ್ಥವಾಗುತ್ತಿಲ್ಲ. ಪೊಟ್ಟಣ ಫ್ರಿಜ್ಜಿನಲ್ಲಿದೆ, ಒಬ್ಬಳೇ ಬೇಯಿಸಿಕೊಳ್ಳಲು ಮನಸ್ಸಾಗುತ್ತಿಲ್ಲ.

ಭಾನುವಾರ ನೀನೇ ಇಲ್ಲಿಗೆ ಬಾ, ಆ ಅರ್ಧದಲ್ಲೇ ಇಬ್ಬರೂ ಉಣ್ಣೋಣ. ಅಂದು ಜನರೆಲ್ಲ ಬಂದು ನೋಡಲೆಂದು ನಮ್ಮ ಕಚೇರಿ ತೆರೆದಿರುತ್ತದೆ, ಮೊದಲು ಅಲ್ಲಿಗೇ ಬಾ. ಅಂಗಡಿಯ ಬಟ್ಟೆಯಲ್ಲೇ ಬಂದರೂ ಸರಿ, ತಿರುವಿನಲ್ಲಿ ನಿಲ್ಲಬೇಡ. ಗೇಟಿನಲ್ಲಿ ಯಾರೆಂದು ಕೇಳಿದರೆ ನನ್ನ ಅಪ್ಪ ಎಂದು ಹೇಳಿ ಒಳಗೆ ಬಾ.

ಕತ್ತಿ ಎಂದೂ ಜಾರದಿರಲಿ, ನಿನ್ನ ಹತ್ತೂ ಬೆರಳು ತಣ್ಣಗಿರಲಿ.

ಗೇಟಿನಲ್ಲಿ ಕಾಯುತ್ತಿರುವ,
ನಿನ್ನ ಚೋಟು