ತಂಗಿಯ ಆಲಿವ್ ಮರಗಳು

ಗಲಾಟೋನೆ, ಫೆಬ್ರವರಿ

ತಂಗಿ ದೊನಾತಾ,

ಅಪ್ಪ ತೋಟ ಪಾಲು ಮಾಡಿದಾಗ ಹಳೆಯ ದೊಡ್ಡ ಆಲಿವ್ ಮರಗಳು ನನಗೆ ಬಂದವು, ಯಾರಿಗೂ ಬೇಡದ ಲೆಚ್ಚಿನೋ ತಳಿ ನಿನಗೆ. ಅಂದು ಅತ್ತವಳು ನೀನು. ಈಗ ಎಲೆ ಸುಡುವ ರೋಗಕ್ಕೆ ನನ್ನವು ಒಣಗುತ್ತಿವೆ. ಕಲ್ಲುಗೋಡೆಯಾಚೆ ನಿನ್ನವು ಹಸಿರಾಗಿ ನಿಂತಿವೆ. ನಾನು ಆ ಕಡೆಯ ಕಿಟಕಿ ತೆರೆಯುವುದನ್ನೇ ಬಿಟ್ಟಿದ್ದೇನೆ.

ದಿನವೂ ನಿನ್ನ ಮನೆಯಲ್ಲಿ ಕಾಫಿ ಕುಡಿಯುವ ಸಂಶೋಧಕಿ ಪೆಟ್ರೆಲ್ಲಿ ಕೊನೆಗೆ ನನ್ನಲ್ಲಿಗೂ ಬಂದಳು.

"ರೋಗ ತಡೆಯೋ ಜೀನ್‌ಗಳು ನಿಮ್ಮ ಮರದಲ್ಲೂ ಇವೆಯಮ್ಮಾ. ಆದ್ರೆ ರೋಗ ಹೊಕ್ಕ ಮೇಲೆ ಅವು ಚಾಲೂ ಆಗೋದು ತಡ. ನಿಮ್ಮ ತಂಗಿ ಮರದಲ್ಲಿ ಬೇಗ ಆಗ್ತವೆ," ಎಂದಳು.

"ಚಿಕ್ಕಂದಿನಿಂದ್ಲೂ ಅವಳದು ಎಲ್ಲಾ ಬೇಗಾನೇ," ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ.

ಇನ್ನೂ ಜೀವವಿರುವ ಮರಗಳಿಗೆ ಕಸಿ ಕಟ್ಟಿ ನೋಡಬಹುದಂತೆ. ನಿನ್ನ ಮರದ ಒಂದು ಕಟ್ಟು ಕಡ್ಡಿಯನ್ನು ನಿನ್ನ ಗಂಡನ ಕೈಯಲ್ಲಿ ಕಳಿಸು. ನೀನು ಬರಬೇಡ. ನನ್ನ ಒಣಮರಗಳ ನಡುವೆ ನಿಂತು ನೀನು ಮರುಗುವುದು ನನಗೆ ಬೇಡ.

ಕಸಿ ಹತ್ತಿದರೆ, ಅದು ನಿನ್ನ ಮರದ ಕಡ್ಡಿಯೆಂದು ಊರಲ್ಲಿ ಮಾತ್ರ ಹೇಳಬೇಡ.

ನಿನ್ನ ಅಕ್ಕ,
ಒರೋಂಜಾ